ಜಾರಬಾರದ ಎಣ್ಣೆ

ಎಣ್ಣೆಯ ಧರ್ಮ ಯಾವುದು ಎಂದು ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ಜಾರಿಸುವುದು. ಕಿರುಗುಟ್ಟುವ ಬಾಗಿಲಿನ ಕೀಲಿಗೆ, ಹೊಲಿಗೆ ಯಂತ್ರದ ಸಣ್ಣ ತೂತುಗಳಿಗೆ, ಬಾವಿಯ ರಾಟೆಗೆ ಎರಡು ಹನಿ ಬಿಟ್ಟರೆ ಸದ್ದು ಅಡಗುತ್ತದೆ. ಎತ್ತಿನಗಾಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಿದ್ದುದೂ ಇದಕ್ಕೇ. ಒಂದಕ್ಕೊಂದು ಉಜ್ಜಾಡುವ ಎರಡು ವಸ್ತುಗಳ ನಡುವೆ ಕುಳಿತು ರಾಜಿ ಮಾಡಿಸುವ ಹಿರಿಯನಂತೆ ಎಣ್ಣೆ. ಘರ್ಷಣೆಯ ಪಾಠದಲ್ಲಿ ಮಕ್ಕಳು ಮೊದಲು ಬರೆಯುವ ಉದಾಹರಣೆಯೂ ಅದೇ.

ಆದರೆ ಈಗ ನಮ್ಮ ರಸ್ತೆಗಳಲ್ಲಿ ಓಡುವ ಎಷ್ಟೋ ಕಾರುಗಳ ಹೊಟ್ಟೆಯಲ್ಲಿ ಇನ್ನೊಂದು ಜಾತಿಯ ಎಣ್ಣೆ ಇದೆ. ಅದು ಉಕ್ಕಿಗೆ ಉಕ್ಕು ತಗುಲಿ ಸವೆಯದಂತೆ ಕಾಯಬೇಕು. ಅದೇ ಹೊತ್ತಿಗೆ ಆ ಉಕ್ಕು ಜಾರದಂತೆಯೂ ನೋಡಿಕೊಳ್ಳಬೇಕು. ಹಲಸಿನಹಣ್ಣು ಬಿಡಿಸಿದವರಿಗೆ ಈ ಕಷ್ಟ ಬೇಗ ಅರ್ಥವಾದೀತು. ಮೇಣ ಅಂಟದಿರಲೆಂದು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತೇವೆ. ಎಣ್ಣೆ ಇಲ್ಲದಿದ್ದರೆ ಕೈ ಕೆಟ್ಟಿತು. ಎಣ್ಣೆ ಹೆಚ್ಚಾದರೆ ಕತ್ತಿಯ ಹಿಡಿ ಜಾರಿ ಅಂಗೈ ಕುಯ್ದೀತು. ಈ ಎರಡರ ನಡುವಿನ ಹದವನ್ನು ಲಕ್ಷಾಂತರ ಕಿಲೋಮೀಟರು ಕಾಯ್ದುಕೊಂಡು ಬಾ ಎಂದರೆ ಹೇಗೆ? ಸಿವಿಟಿ ಗೇರುಪೆಟ್ಟಿಗೆಯ ಎಣ್ಣೆಗೆ ನಾವು ಹೇಳುತ್ತಿರುವುದು ಅದನ್ನೇ.

ಸಿವಿಟಿ ಎಂದರೆ ಕಂಟಿನ್ಯುಯಸ್ಲಿ ವೇರಿಯಬಲ್ ಟ್ರಾನ್ಸ್‌ಮಿಷನ್. ಹೆಸರು ಉದ್ದ, ತತ್ವ ಸರಳ. ಒಂದನೇ ಗೇರು, ಎರಡನೇ ಗೇರು ಎಂಬ ಹಲ್ಲುಚಕ್ರಗಳ ಮೆಟ್ಟಿಲು ಇದರಲ್ಲಿಲ್ಲ. ಇರುವುದು ಎರಡು ರಾಟೆ, ನಡುವೆ ಒಂದು ಪಟ್ಟಿ. ಪ್ರತಿ ರಾಟೆಯೂ ಮುಖಾಮುಖಿ ಇಟ್ಟ ಎರಡು ಶಂಕುಗಳಂತಿದ್ದು, ಅವು ಹತ್ತಿರ ಸರಿದರೆ ಪಟ್ಟಿ ಮೇಲೇರುತ್ತದೆ, ದೂರ ಸರಿದರೆ ಕೆಳಗಿಳಿಯುತ್ತದೆ. ಒಂದು ರಾಟೆ ಅಗಲವಾದಂತೆ ಇನ್ನೊಂದು ಕಿರಿದಾಗುತ್ತದೆ. ಹೀಗೆ ಮೆಟ್ಟಿಲಿಲ್ಲದ ಇಳಿಜಾರಿನಂತೆ ವೇಗ ಬದಲಾಗುತ್ತದೆ. ಕಾರಿನಲ್ಲಿ ಕುಳಿತವರಿಗೆ ಗೇರು ಬಿದ್ದ ಕುಲುಕು ಗೊತ್ತಾಗುವುದೇ ಇಲ್ಲ.

ಇದನ್ನು ಕಾರಿನಲ್ಲಿ ದೊಡ್ಡ ಪ್ರಮಾಣದಲ್ಲಿ ತಂದವರು ಹಾಲೆಂಡಿನ ಹಬ್ ವ್ಯಾನ್ ಡೋರ್ನ್. ಅವರ ಡಿಎಎಫ್ ಕಂಪೆನಿಯ ಪುಟ್ಟ ಕಾರು 1958ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರದರ್ಶನದಲ್ಲಿ ಜನರ ಮುಂದೆ ಬಂತು. ಆಗ ಇದ್ದದ್ದು ರಬ್ಬರಿನ ಬೆಲ್ಟು. ಮುಂದೆ ಅದೇ ವ್ಯಾನ್ ಡೋರ್ನ್ ಪರಂಪರೆಯಿಂದ ಉಕ್ಕಿನ ಪಟ್ಟಿ ಬಂತು: ಸುಮಾರು ನಾನೂರು ತೆಳುವಾದ ಉಕ್ಕಿನ ಬಿಲ್ಲೆಗಳನ್ನು ಉಕ್ಕಿನದೇ ಬಳೆಗಳಲ್ಲಿ ಪೋಣಿಸಿದ ಸರ. ಗಿರಣಿಯ ಬೆಲ್ಟು ಎಳೆಯುತ್ತದೆ; ಇದು ತಳ್ಳುತ್ತದೆ. 1987ರಲ್ಲಿ ಜಪಾನಿನ ಸುಬಾರು ಜಸ್ಟಿ ಇಂಥ ಪಟ್ಟಿಯೊಡನೆ ಬಂತು. ನಮ್ಮಲ್ಲಿ ಈ ತತ್ವದ ಪರಿಚಯ ಮಾಡಿಸಿದ್ದು ಕಾರಲ್ಲ, 80ರ ದಶಕದ ಕೈನೆಟಿಕ್ ಹೋಂಡಾ ಸ್ಕೂಟರು. ಗೇರಿಲ್ಲದ ಗಾಡಿ ಎಂದು ಬೀದಿ ಬೀದಿಯಲ್ಲಿ ಜನ ನಿಂತು ನೋಡಿದ್ದರು. ಅದರೊಳಗಿನದೂ ಸಿವಿಟಿಯೇ, ಆದರೆ ಒಣಗಿದ ರಬ್ಬರಿನ ಬೆಲ್ಟಿನದು. ಈ ‘ಒಣಗಿದ’ ಎಂಬ ಮಾತನ್ನು ಸ್ವಲ್ಪ ನೆನಪಿಡಿ, ಮುಂದೆ ಬೇಕಾಗುತ್ತದೆ.

ನಿವೃತ್ತ ಭೌತವಿಜ್ಞಾನದ ಮೇಡಂಗೆ ಗೇರುಪೆಟ್ಟಿಗೆಯ ಉಸಾಬರಿ ಏಕೆ ಎನ್ನುತ್ತೀರೇನೋ. ನನ್ನ ಎಡ ಮೊಣಕಾಲಿನ ದೆಸೆಯಿಂದ ಎನ್ನಬೇಕು. ಅದಕ್ಕೆ ಶಸ್ತ್ರಚಿಕಿತ್ಸೆಯಾದ ಮೇಲೆ ಕ್ಲಚ್ ತುಳಿಯುವುದು ಕಷ್ಟವಾಯಿತು. ನಮ್ಮವರಿಗೆ ಕಣ್ಣಿನ ತೊಂದರೆ, ಗಾಡಿ ಓಡಿಸುವುದಿಲ್ಲ. ನಾವಿರುವುದು ಹಾಸನದಲ್ಲಿ, ನನ್ನ ತವರು ಪುತ್ತೂರಿನ ಬಳಿ. ಎಂಬತ್ತು ದಾಟಿದ ಅಮ್ಮ ಅಲ್ಲಿದ್ದಾಳೆ. ತಿಂಗಳಿಗೆ ಎರಡು ಸಲವಾದರೂ ಹೋಗಿ ಅವಳ ಔಷಧಿ, ಆಸ್ಪತ್ರೆ ನೋಡಿಕೊಂಡು ಬರಬೇಕು. ದಾರಿ ಸಕಲೇಶಪುರದ ಮೇಲೆ, ಶಿರಾಡಿ ಘಾಟಿಯಲ್ಲಿ. ಬಸ್ಸಿನ ಮೆಟ್ಟಿಲು ನನ್ನ ಮೊಣಕಾಲಿಗೆ ಒಗ್ಗುವುದಿಲ್ಲ. ಹಾಗಾಗಿ 2019ರಲ್ಲಿ, ನಾಲ್ಕು ವರ್ಷ ಹಳೆಯದಾದ, 62,000 ಕಿಲೋಮೀಟರು ಓಡಿದ್ದ ಒಂದು ಸಿವಿಟಿ ಕಾರನ್ನು ಕೊಂಡೆ. ಅದು ಬಂದಂದಿನಿಂದ ನನ್ನ ಎಡಗಾಲಿಗೆ ಪೂರ್ಣ ರಜೆ, ಅಮ್ಮನಿಗೆ ಮಗಳ ಮುಖ.

ಒಂದೆರಡು ತಿಂಗಳಲ್ಲೇ ಒಂದು ಸಂಗತಿ ಗಮನಕ್ಕೆ ಬಂತು. ಊರೊಳಗೆ ಇಪ್ಪತ್ತು ಮೂವತ್ತರ ವೇಗದಲ್ಲಿ ಮೆಲ್ಲಗೆ ಹೋಗುವಾಗ ಕಾರು ಸಣ್ಣಗೆ ನಡುಗುತ್ತಿತ್ತು, ಚಳಿಜ್ವರ ಬರುವ ಮುಂಚೆ ಮೈ ಅದುರಿದ ಹಾಗೆ. ಎಂಜಿನ್ನಿನ ನಡುಕವಲ್ಲ, ಎಂಜಿನ್ನು ಗಡಿಯಾರದಂತಿತ್ತು. ಹಳೆಯ ಮಾಲೀಕರು ಕೊಟ್ಟ ಸರ್ವೀಸ್ ಪುಸ್ತಕ ತೆಗೆದು ನೋಡಿದೆ. ಎಂಜಿನ್ ಎಣ್ಣೆ ಬದಲಿಸಿದ ಮುದ್ರೆಗಳು ಸಾಲಾಗಿದ್ದವು. ಗೇರುಪೆಟ್ಟಿಗೆಯ ಎಣ್ಣೆಯ ಸಾಲು ಖಾಲಿ. 62,000 ಕಿಲೋಮೀಟರು ಅದೇ ಎಣ್ಣೆ!

ಕಂಪೆನಿಯ ಅಧಿಕೃತ ಸರ್ವೀಸ್ ಕೇಂದ್ರಕ್ಕೆ ಹೋಗಿ ಕೇಳಿದೆ. ಅಲ್ಲಿದ್ದ ಹುಡುಗ ಬಹಳ ಮರ್ಯಾದಸ್ಥ. “ಮೇಡಂ, ಅದು ಲೈಫ್‌ಟೈಂ ಎಣ್ಣೆ, ಬದಲಾಯಿಸೋ ಹಾಗೇ ಇಲ್ಲ” ಎಂದ. ಪಕ್ಕದ ಬಿಡಿಭಾಗಗಳ ಕೌಂಟರಿನಲ್ಲಿ ಅದೇ ಎಣ್ಣೆಯ ಡಬ್ಬಿಗಳು ಸಾಲಾಗಿ ನಿಂತಿದ್ದವು. ಜೀವಮಾನಕ್ಕೆ ಸಾಲುವ ಎಣ್ಣೆಯಾದರೆ ಡಬ್ಬಿಯಲ್ಲಿ ಮಾರಾಟಕ್ಕೆ ಇಡುವುದೇಕೆ ಎಂದು ಕೇಳಿದೆ. ಹುಡುಗ ನಕ್ಕ, ಉತ್ತರ ಹೇಳಲಿಲ್ಲ. ನಡುಕದ ವಿಷಯ ಹೇಳಿದಾಗ ಮಾತ್ರ, “ಜಾಸ್ತಿ ಆದ್ರೆ ಇಡೀ ಗೇರ್‌ಬಾಕ್ಸೇ ಬದಲಾಯಿಸಬೇಕಾಗುತ್ತೆ” ಎಂದು ಒಂದು ಅಂಕಿ ಹೇಳಿದ. ಆ ಅಂಕಿಗೆ ನಾನು ಕೊಂಡ ಹಳೆಯ ಕಾರಿನ ಬೆಲೆಯ ಮುಕ್ಕಾಲು ಪಾಲು ಹೋಗುತ್ತಿತ್ತು. ಏನೂ ಮಾಡಬೇಡಿ, ಇಲ್ಲವೇ ಎಲ್ಲವನ್ನೂ ಬದಲಿಸಿ. ನಡುವೆ ಬೇರೆ ದಾರಿಯೇ ಇಲ್ಲ ಎಂಬಂತಿತ್ತು ಆ ಮಾತು.

ಇಲ್ಲಿ ಭಾಯ್ ವಿಷಯ ಹೇಳಬೇಕು. ಇವರ ಗ್ಯಾರೇಜು ನಮ್ಮ ಬಡಾವಣೆಯ ಅಂಚಿನಲ್ಲಿದೆ. ನನ್ನ ಕೈನೆಟಿಕ್ ಹೋಂಡಾ ಕಾಲದಿಂದ ನಮ್ಮ ಮನೆಯ ಎಲ್ಲ ಗಾಡಿಗಳಿಗೂ ಅವರದೇ ಕೈ. ಸ್ಟಾರ್ಟ್ ಮಾಡಿದ ಸದ್ದಿನಲ್ಲೇ ರೋಗ ಹೇಳುವವರು. ಮಗಳ ಮದುವೆಯ ದಿನ ಬೆಳಗಿನ ಜಾವ ನಾಲ್ಕಕ್ಕೆ ಕೆಟ್ಟ ವ್ಯಾನನ್ನು ಛತ್ರದ ಬಾಗಿಲಲ್ಲೇ ಸರಿಮಾಡಿ, ಹಣ ಕೊಡಹೋದರೆ ಮದುವೆ ಮನೆಯಲ್ಲಿ ಊಟ ಮಾತ್ರ ಮಾಡಿ ಹೋದವರು. ಅಂಥವರ ಮಾತಿಗೆ ಇಲ್ಲ ಎನ್ನುವುದು ಸುಲಭವಲ್ಲ.

ಭಾಯ್ ಕಾರನ್ನು ಒಂದು ಸುತ್ತು ಓಡಿಸಿ ಬಂದು, “ಎಣ್ಣೆ ಸತ್ತೋಗಿದೆ ಮೇಡಂ, ಬದಲಾಯಿಸ್ಬೇಕು” ಎಂದರು. ಅಲ್ಲಿಗೆ ನಮ್ಮಿಬ್ಬರದೂ ಒಂದೇ ಅಭಿಪ್ರಾಯ. ಆಮೇಲೆ ಮೂಲೆಯಲ್ಲಿದ್ದ ದೊಡ್ಡ ಡಬ್ಬಿಯತ್ತ ಕೈ ತೋರಿದರು. ಅದರಲ್ಲಿ ಇದ್ದದ್ದು ಕೆಂಪು ಬಣ್ಣದ ಎಟಿಎಫ್, ಅಂದರೆ ಸಾಮಾನ್ಯ ಆಟೊಮ್ಯಾಟಿಕ್ ಗೇರುಪೆಟ್ಟಿಗೆಯ ಎಣ್ಣೆ. ಪವರ್ ಸ್ಟೀರಿಂಗಿಗೂ ಅದನ್ನೇ ಹಾಕುತ್ತಿದ್ದರು.

“ಇದು ಸಿವಿಟಿ ಭಾಯ್, ಇದಕ್ಕೆ ಬೇರೆ ಎಣ್ಣೆ” ಎಂದೆ.

“ಆಟೊಮ್ಯಾಟಿಕ್ಕಿಗೆ ಆಟೊಮ್ಯಾಟಿಕ್ ಎಣ್ಣೆ. ಎಷ್ಟು ಗಾಡಿಗೆ ಹಾಕಿದೀನಿ ಮೇಡಂ, ಒಂದೂ ವಾಪಸ್ ಬಂದಿಲ್ಲ.”

“ಇದರೊಳಗೆ ಬೆಲ್ಟಿದೆ, ಉಕ್ಕಿಂದು. ಈ ಎಣ್ಣೆ ಹಾಕಿದ್ರೆ ಜಾರುತ್ತೆ.”

ಭಾಯ್ ನನ್ನನ್ನೇ ನೋಡಿದರು. “ಮೇಡಂ, ನಲವತ್ತು ವರ್ಷದಿಂದ ನೋಡ್ತಿದೀನಿ. ಬೆಲ್ಟಿಗೆ ಯಾವ ಎಣ್ಣೆ ತಗುಲಿದ್ರೂ ಜಾರುತ್ತೆ. ನಿಮ್ಮ ಕೈನೆಟಿಕ್ಕಲ್ಲಿ ಎಣ್ಣೆ ಲೀಕಾಗಿ ಬೆಲ್ಟಿಗೆ ಬಿದ್ದಾಗ ಗಾಡಿ ಮುಂದಕ್ಕೇ ಹೋಗ್ಲಿಲ್ಲ, ನೆನಪಿದೆಯಾ? ಬೆಲ್ಟಿರೋ ಕಡೆ ಎಣ್ಣೆ ತುಂಬಿಸ್ತಾರೆ ಅಂದ್ರೆ, ಅದು ಬೆಲ್ಟೇ ಅಲ್ಲ.”

ನಲವತ್ತು ವರ್ಷದ ಅನುಭವದ ಮಾತು. ಒಣಗಿದ ಬೆಲ್ಟಿನ ಮಟ್ಟಿಗೆ ಒಂದಕ್ಷರವೂ ಸುಳ್ಳಲ್ಲ. ಎಣ್ಣೆಯಲ್ಲಿ ಮುಳುಗಿದ ಉಕ್ಕಿನ ಪಟ್ಟಿ ಜಾರದೆ ಹೇಗೆ ನಿಲ್ಲುತ್ತದೆ ಎಂಬ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ. ಎಂಜಿನಿಯರುಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡದ್ದೂ ಅದಕ್ಕೇ. ಗ್ಯಾರೇಜಿನ ಸ್ಟೂಲಿನ ಮೇಲೆ ಕುಳಿತು ನಾನು ಹಲಸಿನಹಣ್ಣಿನ ಕಥೆ ಹೇಳಿದೆ.

ಆ ರಾಟೆಯ ಎರಡು ಮುಖಗಳು ಪಟ್ಟಿಯನ್ನು ಭಾರೀ ಬಲದಿಂದ ಒತ್ತಿ ಹಿಡಿಯುತ್ತವೆ. ಒತ್ತುವ ಬಲ ಬರುವುದೂ ಇದೇ ಎಣ್ಣೆಯಿಂದಲೇ. ಪಂಪು ಎಣ್ಣೆಯನ್ನು ವಾಯುಮಂಡಲದ ಒತ್ತಡದ ಹತ್ತಾರು ಪಟ್ಟು ಒತ್ತಡಕ್ಕೇರಿಸಿ ರಾಟೆಯ ಬೆನ್ನಿಗೆ ಕಳಿಸುತ್ತದೆ. ಆ ಒತ್ತಿನಲ್ಲಿ ಬಿಲ್ಲೆಗೂ ರಾಟೆಗೂ ನಡುವೆ ಉಳಿಯುವ ಎಣ್ಣೆಯ ಪೊರೆ ಅತಿ ತೆಳು. ಎಣ್ಣೆಗೆ ಬೆರೆಸಿದ ರಾಸಾಯನಿಕಗಳು ಅಲ್ಲಿ ಉಕ್ಕಿನ ಮೈಮೇಲೆ ಒಂದು ಚರ್ಮದಂಥ ಪದರ ಕಟ್ಟುತ್ತವೆ. ಲೋಹಕ್ಕೆ ಲೋಹ ಅಂಟಿ ಕಿತ್ತು ಬರದಂತೆ ಆ ಪದರ ತಡೆಯುತ್ತದೆ, ಜತೆಗೆ ಹಿಡಿತವನ್ನೂ ಕೊಡುತ್ತದೆ. ಘರ್ಷಣಾಂಕವೆಂದು ನಾವು ಪಾಠ ಮಾಡುವ ಸಂಖ್ಯೆ ಅಲ್ಲಿ ಸುಮಾರು 0.1. ನೋಡಲು ಪುಟ್ಟ ಸಂಖ್ಯೆ. ಇಡೀ ಕಾರು ಘಾಟಿ ಹತ್ತುವುದು ಅದರ ಬಲದ ಮೇಲೆ.

ಕೆಂಪು ಎಟಿಎಫ್‌ನ ಸಂಸ್ಕಾರವೇ ಬೇರೆ. ಸಾಮಾನ್ಯ ಆಟೊಮ್ಯಾಟಿಕ್ ಪೆಟ್ಟಿಗೆಯಲ್ಲಿ ಗೇರು ಬದಲಿಸುವುದು ಕಾಗದದಂಥ ಪದರ ಅಂಟಿಸಿದ ಕ್ಲಚ್ ತಟ್ಟೆಗಳು. ಅವು ಧಡಕ್ಕೆಂದು ಹಿಡಿಯದೆ ಮೆತ್ತಗೆ ಸರಿದು ಹಿಡಿಯಲೆಂದು ಆ ಎಣ್ಣೆಗೆ ಜಾರಿಸುವ ಗುಣ ಬೆರೆಸಿರುತ್ತಾರೆ. ಅಲ್ಲಿ ಅದು ಗುಣ. ಇಲ್ಲಿ ಅದೇ ದೋಷ. ಉಕ್ಕಿನ ಪಟ್ಟಿ ಕಣ್ಣಿಗೆ ಕಾಣದಷ್ಟು ಜಾರಿದರೂ ಸಾಕು, ಕನ್ನಡಿಯಂಥ ರಾಟೆಯ ಮುಖದ ಮೇಲೆ ಗೀರು ಬೀಳುತ್ತದೆ. ಗೀರಿನಿಂದ ಪಟ್ಟಿ ಸವೆಯುತ್ತದೆ, ಸವೆದ ಪುಡಿ ಎಣ್ಣೆಗೆ ಬಿದ್ದು ಇನ್ನಷ್ಟು ಗೀರುತ್ತದೆ. ಆ ಗಾಯ ಮಾಯುವುದಿಲ್ಲ. ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ನಿಂತರೂ ಈ ಎರಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧವೇ ಸರಿ.

ಇದು ಬರಿಯ ಪುಸ್ತಕದ ಭಯವಲ್ಲ. ನಮ್ಮ ಪರಿಚಯದ ನಿವೃತ್ತ ಗುಮಾಸ್ತರೊಬ್ಬರು ಬೇರೊಂದು ಊರಿನಲ್ಲಿ ಸಿವಿಟಿ ಕಾರಿಗೆ ‘ಎಲ್ಲಕ್ಕೂ ಆಗುತ್ತದೆ’ ಎಂಬ ಎಣ್ಣೆ ಹಾಕಿಸಿಕೊಂಡಿದ್ದರು. ಮೊದಲ ವಾರ ಏನೂ ಆಗಲಿಲ್ಲ. ಈ ಮೊದಲ ವಾರವೇ ಎಲ್ಲರನ್ನೂ ಮೋಸ ಮಾಡುವುದು. ಎರಡು ಮೂರು ತಿಂಗಳಲ್ಲಿ ದೂರದ ಸೈರನ್ನಿನಂತೆ ಕೂಗು ಶುರುವಾಯಿತು. ಏರಿನಲ್ಲಿ ಎಂಜಿನ್ನು ಬೊಬ್ಬೆ ಹೊಡೆದರೂ ಕಾರು ಏರಲಿಲ್ಲ. ಪೆಟ್ಟಿಗೆ ಬಿಚ್ಚಿದಾಗ ರಾಟೆಯ ಮುಖದ ಮೇಲೆ ಹಳೆಯ ಗ್ರಾಮಫೋನ್ ತಟ್ಟೆಯಂತೆ ಗೆರೆಗಳು. ಮಗನ ಓದಿಗೆಂದು ಇಟ್ಟಿದ್ದ ಠೇವಣಿ ಮುರಿದರು. ಎಣ್ಣೆ ಹಾಕಿದವನ ಬಳಿ ಹೋದರೆ, “ನಮ್ಮತ್ರ ಬಂದಾಗ್ಲೇ ಕೆಟ್ಟಿತ್ತು” ಎಂದನಂತೆ. ಭಾಯ್ ಹೇಳಿದ ‘ಒಂದೂ ವಾಪಸ್ ಬಂದಿಲ್ಲ’ ಎಂಬ ಮಾತು ಆಗ ನನಗೆ ಬೇರೆಯಾಗಿ ಕೇಳಿಸಿತು. ಕೆಟ್ಟ ಗಾಡಿ ಎಣ್ಣೆ ಹಾಕಿದವನ ಬಳಿಗೆ ವಾಪಸ್ ಬರುವುದಿಲ್ಲ. ಇನ್ನೊಬ್ಬನ ಬಳಿಗೆ ಹೋಗುತ್ತದೆ. ಇದನ್ನು ಭಾಯ್ ಮುಂದೆ ಹೇಳುವ ಧೈರ್ಯ ಮಾಡಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, “ಸರಿ, ನಿಮ್ಮ ಎಣ್ಣೆ ನೀವೇ ತನ್ನಿ” ಎಂದರು. ದನಿಯಲ್ಲಿ ಸ್ವಲ್ಪ ಬಿಗುವಿತ್ತು.

ಯಾವ ಎಣ್ಣೆ ತರುವುದು? ಎಂಜಿನ್ ಎಣ್ಣೆಯ ವಿಷಯದಲ್ಲಿ ಲೋಕಕ್ಕೆಲ್ಲ ಒಪ್ಪಿಗೆಯಾದ ಅಳತೆಗಳಿವೆ. ಆ ಅಂಕಿ ಅಕ್ಷರ ಹೊಂದಿದರೆ ಯಾವ ಒಳ್ಳೆಯ ಕಂಪೆನಿಯದಾದರೂ ನಡೆಯುತ್ತದೆ. ಸಿವಿಟಿ ಎಣ್ಣೆಗೆ ಅಂಥ ಎಲ್ಲರೂ ಒಪ್ಪಿದ ಒಂದೇ ಅಳತೆಗೋಲು ಇಲ್ಲ. ಪ್ರತಿ ಕಾರು ಕಂಪೆನಿಯದೂ ತನ್ನದೇ ಹೆಸರು. ಹೋಂಡಾಗೆ ಎಚ್‌ಸಿಎಫ್-2, ನಿಸ್ಸಾನಿಗೆ ಎನ್‌ಎಸ್-2, ಎನ್‌ಎಸ್-3, ಟೊಯೊಟಾಗೆ ಟಿಸಿ ಮತ್ತು ಎಫ್‌ಇ. ಒಂದೇ ಕಂಪೆನಿಯಲ್ಲೂ ಹಳೆಯದರ ಜಾಗಕ್ಕೆ ಹೊಸದು, ಹೊಸದರ ಜಾಗಕ್ಕೆ ಹಳೆಯದು ಸಲ್ಲಬೇಕೆಂದಿಲ್ಲ. ಬಣ್ಣ ನೋಡಿ ಆರಿಸುವಂತೆಯೂ ಇಲ್ಲ. ಬಣ್ಣವೆಂಬುದು ಕಂಪೆನಿ ಹಾಕಿದ ಗುರುತು, ಗುಣವಲ್ಲ.

ಇನ್ನೊಂದು ತೊಡಕಿದೆ. ನಾವು ಆಟೊಮ್ಯಾಟಿಕ್ ಎಂದು ಒಂದೇ ಮಾತಿನಲ್ಲಿ ಕರೆಯುವ ಕಾರುಗಳಲ್ಲಿ ನಾಲ್ಕು ಜಾತಿ. ಸಾಮಾನ್ಯ ಗೇರುಪೆಟ್ಟಿಗೆಗೇ ಯಂತ್ರದ ಕೈ ಜೋಡಿಸಿದ ಎಎಂಟಿ, ಟಾರ್ಕ್ ಕನ್ವರ್ಟರಿನ ಹಳೆಯ ಮಾದರಿ, ಎರಡು ಕ್ಲಚ್ಚಿನದು ಮತ್ತು ಸಿವಿಟಿ. ನಾಲ್ಕಕ್ಕೂ ಬೇರೆ ಬೇರೆ ಎಣ್ಣೆ. ಕಾರಿನ ಹೆಸರು ಹೇಳಿದರೆ ಸಾಲದು. ಹೋಂಡಾ ಸಿಟಿಯನ್ನೇ ನೋಡಿ: 2003ರಲ್ಲಿ ಬಂದ ಪೀಳಿಗೆಯಲ್ಲಿ ಸಿವಿಟಿ ಇತ್ತು, 2008ರ ಪೀಳಿಗೆಗೆ ಐದು ಗೇರಿನ ಮಾಮೂಲಿ ಆಟೊಮ್ಯಾಟಿಕ್ ಬಂತು, 2014ರಲ್ಲಿ ಮತ್ತೆ ಸಿವಿಟಿ. ಮಾರುತಿ ಬಲೆನೊದಲ್ಲಿದ್ದ ಸಿವಿಟಿಯ ಜಾಗಕ್ಕೆ 2022ರಲ್ಲಿ ಎಎಂಟಿ ಬಂತು. ಹೆಸರು ಒಂದೇ, ಹೊಟ್ಟೆ ಬೇರೆ. ಆದ್ದರಿಂದ ನಿಮ್ಮ ಕಾರಿನ, ನಿಮ್ಮದೇ ವರ್ಷದ ಪುಸ್ತಕದಲ್ಲಿ ಬರೆದ ಹೆಸರೇ ಪ್ರಮಾಣ. ಪುಸ್ತಕ ಕಳೆದಿದ್ದರೆ ಚಾಸಿ ಸಂಖ್ಯೆ ಕೊಟ್ಟು ಬಿಡಿಭಾಗಗಳ ಕೌಂಟರಿನಲ್ಲಿ ಕೇಳಿ.

ಹಲವು ಹೆಸರುವಾಸಿ ಎಣ್ಣೆ ಕಂಪೆನಿಗಳು ಅನೇಕ ಕಾರುಗಳಿಗೆ ಆಗುವಂಥ ಸಿವಿಟಿ ಎಣ್ಣೆಯನ್ನೂ ಮಾರುತ್ತವೆ. ಎಲ್ಲವೂ ಕೆಟ್ಟವೆಂದು ನಾನು ಹೇಳಲಾರೆ. ಡಬ್ಬಿಯ ಬೆನ್ನನ್ನು ಮಾತ್ರ ಸಾವಧಾನವಾಗಿ ಓದಿ. ‘ಇಂಥ ಕಾರಿಗೆ ಬಳಸಬಹುದು’ ಎಂಬುದು ಎಣ್ಣೆ ಮಾರುವವನ ಮಾತು. ‘ಕಾರು ಕಂಪೆನಿಯ ಒಪ್ಪಿಗೆ ಪಡೆದಿದೆ’ ಎಂಬುದು ಕಾರು ಮಾಡಿದವನ ಮಾತು. ಎರಡರ ನಡುವೆ ಅಂತರವಿದೆ. ನನ್ನ ಮಟ್ಟಿಗೆ ಪುಸ್ತಕದ ಹೆಸರಿನ ಎಣ್ಣೆಯನ್ನೇ ತಂದೆ, ಮುದ್ರೆ ಒಡೆಯದ ಡಬ್ಬಿ, ಬಿಲ್ಲಿನೊಡನೆ, ಅದೇ ಸರ್ವೀಸ್ ಕೇಂದ್ರದ ಕೌಂಟರಿನಿಂದ. ನಾಲ್ಕು ಲೀಟರಿಗೆ ಕೊಟ್ಟ ಹಣದಲ್ಲಿ ಒಂದು ಒಳ್ಳೆಯ ರೇಷ್ಮೆ ಸೀರೆಯೂ ಬರುತ್ತಿರಲಿಲ್ಲ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಎಂಬ ಗಾದೆ ಇದೆಯಲ್ಲ, ಅದು ನೆನಪಾಯಿತು. ಸಣ್ಣ ಖರ್ಚಿನ ಹೊತ್ತಿನಲ್ಲಿ ಕಣ್ಣು ಮುಚ್ಚಿದವರು ದೊಡ್ಡ ಖರ್ಚಿನ ಹೊತ್ತಿನಲ್ಲಿ ಬಿಡುತ್ತಾರೆ.

ಒಂದು ಭಾನುವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಭಾಯ್ ಕಾರನ್ನು ಮಟ್ಟಸವಾಗಿ ನಿಲ್ಲಿಸಿ ಮೇಲೆತ್ತಿದರು. ಮೊದಲು ಎಣ್ಣೆ ತುಂಬುವ ತಿರುಪು ಬಿಚ್ಚಿ ಬರುತ್ತದೆಯೇ ಎಂದು ನೋಡಿಕೊಂಡರು. “ಖಾಲಿ ಮಾಡಿದ್ಮೇಲೆ ತುಂಬೋ ಬಾಗಿಲು ತೆಗೀಲಿಲ್ಲ ಅಂದ್ರೆ ಗಾಡಿ ಇಲ್ಲೇ” ಎಂದರು. ಇದು ಯಾವ ಪುಸ್ತಕದಲ್ಲೂ ನಾನು ಓದಿರದ ಜಾಣತನ. ಆಮೇಲೆ ಕೆಳಗಿನ ತಿರುಪು. ಎಣ್ಣೆ ಕಾಫಿಯ ಡಿಕಾಕ್ಷನ್ನಿನಂತೆ ಕಪ್ಪಗೆ ಸುರಿಯಿತು. ಬೆರಳಿಗೆ ಹಚ್ಚಿ ಮೂಸಿದರು. ಸುಟ್ಟ ವಾಸನೆ ಅಷ್ಟಾಗಿ ಇರಲಿಲ್ಲ. ಸುರಿದದ್ದನ್ನು ಅಳೆದೆವು: ಮೂರೂವರೆ ಲೀಟರಿಗೆ ತುಸು ಕಡಿಮೆ. ಎಷ್ಟು ಬಂತೋ ಅಷ್ಟೇ ಮೊದಲು ತುಂಬಬೇಕೆಂಬುದು ಲೆಕ್ಕ.

ತಳದ ತಟ್ಟೆಯನ್ನೂ ಬಿಚ್ಚಿಸಿದೆ. ಅದರಲ್ಲಿ ಲೋಹದ ಪುಡಿ ಹಿಡಿಯಲು ಆಯಸ್ಕಾಂತಗಳಿರುತ್ತವೆ. ಅವುಗಳ ಮೇಲೆ ಬೂದು ಬಣ್ಣದ ನುಣ್ಣನೆಯ ಕೆಸರು ಕಂಡರೆ ಅದು ವಯಸ್ಸಿನ ಸವೆತ, ಗಾಬರಿಯಿಲ್ಲ. ಹೊಳೆಯುವ ಚೂರು, ಚಕ್ಕೆ ಸಿಕ್ಕಿದರೆ ಯಾವ ಎಣ್ಣೆಯೂ ಆ ಪೆಟ್ಟಿಗೆಯನ್ನು ಉಳಿಸದು. ಆ ಒಂದು ನಿಮಿಷ ನನ್ನ ಎದೆ ಹೊಡೆದುಕೊಂಡದ್ದು ನಿಜ. ಶಿರಾಡಿಯ ತಿರುವುಗಳು, ಮಳೆ, ಅಮ್ಮನ ದೂರವಾಣಿ, ಎಲ್ಲ ಆ ಅಂಗೈಯಗಲದ ತಟ್ಟೆಯಲ್ಲಿದ್ದವು. ಭಾಯ್ ಆಯಸ್ಕಾಂತವನ್ನು ಹೆಬ್ಬೆರಳಿನಿಂದ ಒರೆಸಿ ಬೆಳಕಿಗೆ ಹಿಡಿದು, “ಬರೀ ವಿಭೂತಿ ಮೇಡಂ” ಎಂದರು. ಉಸಿರು ಬಿಟ್ಟೆ.

ತಟ್ಟೆಗೆ ಹೊಸ ಗ್ಯಾಸ್ಕೆಟ್, ತಿರುಪಿಗೆ ಹೊಸ ವಾಷರ್ ಹಾಕಿ ಮುಚ್ಚಿ, ಎಣ್ಣೆ ತುಂಬಿದ ಮೇಲೆ ಮಟ್ಟ ನೋಡುವ ಕೆಲಸ. ಎಂಜಿನ್ನಿಗಿರುವಂತೆ ಅಳತೆ ಕಡ್ಡಿ ನಮ್ಮ ಕಾರಿನ ಈ ಪೆಟ್ಟಿಗೆಗೆ ಇಲ್ಲ. ಎಣ್ಣೆ ಬಿಸಿಯಾದಂತೆ ಹಿಗ್ಗುವುದರಿಂದ, ಪುಸ್ತಕ ಹೇಳಿದ ಉಷ್ಣತೆಯಲ್ಲೇ ಮಟ್ಟ ನೋಡಬೇಕು. ನಮ್ಮದರಲ್ಲಿ ಅದು 40 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಭಾಯ್ ಮಗ ಒಂದು ಪುಟ್ಟ ಸ್ಕ್ಯಾನರು ಸಿಕ್ಕಿಸಿ ಮೊಬೈಲಿನಲ್ಲಿ ಉಷ್ಣತೆ ಓದುತ್ತಿದ್ದ. ಎಂಜಿನ್ನು ಓಡುತ್ತಿರುವಂತೆ, ಬ್ರೇಕು ತುಳಿದು, ಪಿ, ಆರ್, ಎನ್, ಡಿ ಎಲ್ಲದರಲ್ಲೂ ಕೆಲವು ಸೆಕೆಂಡು ಹಿಡಿಕೆ ನಿಲ್ಲಿಸಿ ಮತ್ತೆ ಪಿ ಗೆ ತಂದೆ. ಮಟ್ಟದ ತಿರುಪು ಬಿಚ್ಚಿದಾಗ ಹೆಚ್ಚಿನ ಎಣ್ಣೆ ಸಣ್ಣ ಧಾರೆಯಾಗಿ ಸುರಿದು ಹನಿಯಾಯಿತು. ಹನಿಗೆ ಬಂದ ಕೂಡಲೇ ಮುಚ್ಚಿದರು. ಹೆಚ್ಚಾದರೆ ನೊರೆಯೆದ್ದು ಒತ್ತಡ ಕೆಡುತ್ತದೆ, ಕಡಿಮೆಯಾದರೆ ಪಂಪು ಗಾಳಿ ಕುಡಿಯುತ್ತದೆ. ಕೆಲವು ಕಾರುಗಳಲ್ಲಿ ಎಣ್ಣೆ ಎಷ್ಟು ಹಳತಾಯಿತೆಂದು ಕಂಪ್ಯೂಟರು ಲೆಕ್ಕ ಇಡುವುದರಿಂದ, ಬದಲಿಸಿದ ಮೇಲೆ ಆ ಲೆಕ್ಕವನ್ನು ಸೊನ್ನೆಗೆ ತರಬೇಕು. ಹಳೆಯ ಎಣ್ಣೆಯನ್ನು ಭಾಯ್ ಮೋರಿಗೆ ಚೆಲ್ಲಲಿಲ್ಲ. ಕೊಳ್ಳಲು ಬರುವವನಿಗೆಂದು ಪೀಪಾಯಿಗೆ ಸುರಿದರು.

ಇಲ್ಲಿಗೆ ಮುಗಿಯಲಿಲ್ಲ. ಪೆಟ್ಟಿಗೆಯಲ್ಲಿರುವ ಎಣ್ಣೆಯಲ್ಲಿ ತಿರುಪು ಬಿಚ್ಚಿದಾಗ ಸುರಿಯುವುದು ಸುಮಾರು ಅರ್ಧ. ಉಳಿದರ್ಧ ಟಾರ್ಕ್ ಕನ್ವರ್ಟರು, ಕೊಳವೆಗಳಲ್ಲಿ ಅಡಗಿರುತ್ತದೆ. ಅರ್ಧ ತೊಟ್ಟಿ ಖಾಲಿ ಮಾಡಿ ಹೊಸ ನೀರು ಬಿಟ್ಟ ಹಾಗೆ. ಒಮ್ಮೆ ಬದಲಿಸಿದರೆ ನೂರಕ್ಕೆ 50 ಹೊಸದು. ಸ್ವಲ್ಪ ಓಡಿಸಿ ಮತ್ತೊಮ್ಮೆ ಬದಲಿಸಿದರೆ 75. ಮೂರನೆಯ ಸಲಕ್ಕೆ 87ರ ಮೇಲೆ. ಯಂತ್ರ ಹಚ್ಚಿ ಒತ್ತಡದಲ್ಲಿ ತೊಳೆಯುತ್ತೇವೆ ಎನ್ನುವವರಿದ್ದಾರೆ. ಕಾರಿನ ಕಂಪೆನಿ ಹಾಗೆ ಮಾಡಿರೆಂದು ಹೇಳದಿದ್ದರೆ ನಾನು ಆ ದಾರಿಗೆ ಹೋಗೆನು. ನಾವು ಸಾವಿರ ಕಿಲೋಮೀಟರಿನ ಅಂತರದಲ್ಲಿ ಎರಡನೆಯ ಸಲ ಬದಲಿಸಿದೆವು. ಮೊದಲ ಸಲಕ್ಕೇ ನಡುಕ ಅರ್ಧಕ್ಕಿಳಿದಿತ್ತು. ಎರಡನೆಯದಾದ ಮೇಲೆ ಹುಡುಕಿದರೂ ಸಿಗಲಿಲ್ಲ. ಎಲ್ಲ ನಡುಕವೂ ಹೀಗೆ ಎಣ್ಣೆಯಿಂದ ವಾಸಿಯಾಗುತ್ತದೆಂದು ತಿಳಿಯಬೇಡಿ. ನಮ್ಮ ರಾಟೆಗೆ ಗೀರು ಬಿದ್ದಿರಲಿಲ್ಲ, ಅಷ್ಟೆ.

‘ಹಳೆಯ ಗೇರುಪೆಟ್ಟಿಗೆಯ ಎಣ್ಣೆ ಬದಲಿಸಿದರೆ ಕೆಡುತ್ತದೆ’ ಎಂಬ ಮಾತೂ ಊರಲ್ಲಿ ಓಡಾಡುತ್ತದೆ. ಸಾಯುವ ಹೊತ್ತಿಗೆ ಬಾಯಿಗೆ ಬಿಟ್ಟ ಗಂಗೆಯೇ ಸಾವಿಗೆ ಕಾರಣ ಎಂದ ಹಾಗಿದೆ ಇದು. ಬಹಳಷ್ಟು ಜನ ಪೆಟ್ಟಿಗೆ ಕೂಗಲು ಶುರುವಾದ ಮೇಲೆ ಎಣ್ಣೆ ನೆನೆಯುತ್ತಾರೆ. ಆಮೇಲೆ ಕೆಟ್ಟರೆ ತಪ್ಪು ಹೊಸ ಎಣ್ಣೆಯದಾಗುತ್ತದೆ.

ಇನ್ನು ಆ ‘ಲೈಫ್‌ಟೈಂ’. ಯಾರ ಜೀವಮಾನ ಎಂದು ಕೇಳಿಕೊಳ್ಳಬೇಕು. ಕಾರು ಮಾರಿದವನಿಗೆ ವಾರಂಟಿ ಮುಗಿಯುವವರೆಗಿನದು ಒಂದು ಜೀವಮಾನ. ಹತ್ತು ಹದಿನೈದು ವರ್ಷ ಅದೇ ಕಾರಿನಲ್ಲಿ ಓಡಾಡುವ ನಮ್ಮಂಥವರದು ಇನ್ನೊಂದು. ಎಣ್ಣೆಯದು ಮೂರನೆಯದು, ಅದನ್ನು ಶಾಖ ನಿರ್ಧರಿಸುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಎಣ್ಣೆಯ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಒಂದು ಅಂದಾಜು ಸೂತ್ರ. ಎಷ್ಟೋ ಪುಸ್ತಕಗಳಲ್ಲಿ ‘ಕಠಿಣ ಬಳಕೆ’ ಎಂಬ ಬೇರೆ ಪಟ್ಟಿ ಇರುತ್ತದೆ: ಬಿಸಿಲು, ಗುಡ್ಡ, ಹೆಜ್ಜೆಗೊಮ್ಮೆ ನಿಲ್ಲುವ ಊರೊಳಗಿನ ಓಡಾಟ. ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಿ ನಿಂತವರು, ಶಿರಾಡಿ, ಚಾರ್ಮಾಡಿ ಹತ್ತಿಳಿಯುವವರು ಆ ಪಟ್ಟಿಯನ್ನು ಬಿಟ್ಟು ಬೇರೆ ಪಟ್ಟಿ ನೋಡುವುದೇ ಬೇಡ. ನಮ್ಮ ಪುಸ್ತಕದ ಆ ಪಟ್ಟಿಯಲ್ಲಿ 40,000 ಕಿಲೋಮೀಟರ್ ಎಂದಿದೆ; ನಾನು ಅದನ್ನೇ ಪಾಲಿಸುತ್ತೇನೆ.

ಓಡಿಸುವ ರೀತಿಯೂ ಎಣ್ಣೆಯ ಆರೈಕೆಯೇ. ಏರಿನಲ್ಲಿ ಬ್ರೇಕು ಬಿಟ್ಟು ಆಕ್ಸಿಲರೇಟರಿನ ಮೇಲೇ ಕಾರನ್ನು ತಡೆದು ನಿಲ್ಲಿಸಬಾರದು. ಕಾರು ಪೂರ್ತಿ ನಿಲ್ಲುವ ಮುಂಚೆ ಆರ್‌ನಿಂದ ಡಿಗೆ ಎಳೆಯಬಾರದು. ಘಾಟಿ ಇಳಿಯುವಾಗ ಡಿಯಲ್ಲೇ ಬಿಟ್ಟು ಬ್ರೇಕನ್ನು ಕಾಯಿಸುವುದಕ್ಕಿಂತ ಎಲ್ ಅಥವಾ ಎಸ್‌ಗೆ ತಂದರೆ ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ. ಏರು ಹತ್ತಿ ಎಣ್ಣೆ ತೀರ ಬಿಸಿಯಾದರೆ ಕಾರು ತಾನೇ ಶಕ್ತಿ ಕುಗ್ಗಿಸುವುದುಂಟು. ಆಗ ಬೈಯದೆ, ಸುರಕ್ಷಿತವಾದ ಜಾಗ ನೋಡಿ ನಿಲ್ಲಿಸಿ, ಸಕಲೇಶಪುರದ ಕಾಫಿ ಕುಡಿಯುವುದು ಇಬ್ಬರಿಗೂ ಒಳ್ಳೆಯದು.

ಆ ಎಣ್ಣೆ ಹಾಕಿದ ಮೇಲೆ ಎಷ್ಟು ಸಲ ಪುತ್ತೂರಿಗೆ ಹೋಗಿ ಬಂದೆನೋ ಲೆಕ್ಕವಿಲ್ಲ. ಗುಡ್ಡ ಕುಸಿದು ದಾರಿ ಮುಚ್ಚಿದಾಗ ಬಿಟ್ಟರೆ ಬೇರೆ ಯಾವುದೂ ನಮ್ಮನ್ನು ತಡೆದಿಲ್ಲ.

ಭಾಯ್ ಬಿಗುವು ಎರಡನೆಯ ಸಲ ಎಣ್ಣೆ ಬದಲಿಸುವ ಹೊತ್ತಿಗೇ ಸಡಿಲಾಗಿತ್ತು. ಅಂದು ಕೆಲಸ ಮುಗಿದ ಮೇಲೆ, ಕೈ ಒರೆಸಿಕೊಳ್ಳುತ್ತಾ, “ಮೇಡಂ, ಡಬ್ಬಿ ಮೇಲಿನ ಇಂಗ್ಲಿಷು ನನಗೆ ಬರಲ್ಲ. ಯಾವ ಗಾಡಿಗೆ ಯಾವುದು ಅಂತ ಕನ್ನಡದಲ್ಲಿ ಬರೆದು ಕೊಡ್ತೀರಾ?” ಎಂದರು. ಗ್ಯಾರೇಜಿನ ಗೋಡೆಗೆ ಒಂದು ರಟ್ಟಿನ ಹಾಳೆ ಅಂಟಿಸಿ, ಅವರಲ್ಲಿಗೆ ಬರುವ ಗಾಡಿಗಳ ಹೆಸರು, ವರ್ಷ, ಎಣ್ಣೆಯ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಕೊನೆಯಲ್ಲಿ ಅವರು ಹೇಳಿ ಬರೆಸಿದ ಸಾಲು ಇದು: ‘ಮೊದಲು ತುಂಬುವ ತಿರುಪು ಬಿಚ್ಚಿ ನೋಡುವುದು.’

ಹೋದ ತಿಂಗಳು ಗಾಳಿ ತುಂಬಿಸಲು ಹೋಗಿದ್ದಾಗ, ಯಾರೋ ಯುವಕ ಹೊಸದಾಗಿ ಕೊಂಡ ಹಳೆಯ ಸಿವಿಟಿ ಕಾರು ತಂದು ನಿಲ್ಲಿಸಿ, ಬೇಗ ಎಣ್ಣೆ ಹಾಕಿಕೊಡಿ, ಊರಿಗೆ ಹೋಗಬೇಕು ಎಂದು ಅವಸರ ಮಾಡುತ್ತಿದ್ದ. ಭಾಯ್ ಕೆಂಪು ಡಬ್ಬಿಯ ಮೇಲೆ ಕುಳಿತೇ ಕೇಳಿದರು: “ಪುಸ್ತಕ ಎಲ್ಲಪ್ಪಾ?”